ಸ್ಕಾಲರ್‌ಶಿಪ್ ಸಿಕ್ಕರೆ ಡಿಗ್ರಿ ಮುಗಿಯುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ತಾಲೂಕು ಊರಿನ ಸರ್ಕಾರಿ ಡಿಗ್ರಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ಕೆಲಸ ನೋಡಿಕೊಳ್ಳುವವರ ಮೇಜಿನ ಮುಂದೆ ವರ್ಷವಿಡೀ ಇವೇ ಪ್ರಶ್ನೆಗಳು ಬರುತ್ತವೆ. ಮಕ್ಕಳು ಕೇಳುವುದು ಒಂದು ಥರ, ಅಪ್ಪ ಅಮ್ಮ ಕೇಳುವುದು ಇನ್ನೊಂದು ಥರ, ಸ್ಟಾಫ್ ರೂಮಿನಲ್ಲಿ ಜೊತೆಯವರು ಕೇಳುವುದು ಮತ್ತೊಂದು ಥರ. ಎಲ್ಲವನ್ನೂ ಒಟ್ಟಿಗೆ ಹಾಕಿದ್ದೇನೆ. ಮೊತ್ತ, ಷರತ್ತು, ಕೊನೆ ದಿನಾಂಕ ವರ್ಷ ವರ್ಷ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ಆ ವರ್ಷದ ಆದೇಶ ನೋಡಿಕೊಳ್ಳಿ.

ದುಡ್ಡು ಕೊಟ್ಟರೆ ನಿಜವಾಗಲೂ ಓದು ಮುಗಿಸುತ್ತಾರಾ? ಓದುವವರು ಹೇಗಿದ್ದರೂ ಓದುತ್ತಾರೆ ಅಲ್ವಾ?

ಈ ಮಾತು ಸ್ಟಾಫ್ ರೂಮಿನದು. ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. ಸ್ಕಾಲರ್‌ಶಿಪ್ ಪಡೆದವರನ್ನೂ ಪಡೆಯದವರನ್ನೂ ಸುಮ್ನೆ ಅಕ್ಕಪಕ್ಕ ಇಟ್ಟು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅರ್ಜಿ ಹಾಕಿ, ಓಡಾಡಿ, ದುಡ್ಡು ಪಡೆದ ಹುಡುಗ ಮೊದಲೇ ಹಟವಾದಿಯಾಗಿರಬಹುದು.

ಚೀಟಿ ಎತ್ತಿದ ಹಾಗೆ ಕೆಲವರಿಗೆ ಕೊಟ್ಟು, ಅಂಥವರೇ ಆದ ಇನ್ನು ಕೆಲವರಿಗೆ ಕೊಡದೆ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 2008ರಿಂದ ಹಾಗೇ ಆಯಿತು. ಸಾರ್ವಜನಿಕ ವಿಶ್ವವಿದ್ಯಾಲಯಕ್ಕೆ ಸೇರಿದ ಬಡ ಮನೆಯ ಮಕ್ಕಳಲ್ಲಿ ಕೆಲವರನ್ನು ಲಾಟರಿಯ ಥರ ಆರಿಸಿ, ವರ್ಷಕ್ಕೆ 3,500 ಡಾಲರ್‌ವರೆಗೆ ಕೊಟ್ಟರು. ನಾಲ್ಕು ವರ್ಷದ ಡಿಗ್ರಿಯನ್ನು ನಾಲ್ಕೇ ವರ್ಷದಲ್ಲಿ ಮುಗಿಸಿದವರು, ದುಡ್ಡು ಸಿಗದ ಗುಂಪಿನಲ್ಲಿ ಶೇ. 16. ಸಿಕ್ಕ ಗುಂಪಿನಲ್ಲಿ ಶೇ. 21.

ಅಂದರೆ ದುಡ್ಡು ಕೆಲಸ ಮಾಡುತ್ತದೆ. ಆದರೆ ಪವಾಡ ಮಾಡುವುದಿಲ್ಲ. ದುಡ್ಡು ಸಿಕ್ಕವರಲ್ಲೂ ಐದರಲ್ಲಿ ನಾಲ್ಕು ಜನ ಆ ಹೊತ್ತಿಗೆ ಮುಗಿಸಿರಲಿಲ್ಲ. ಈ ಎರಡೂ ಮಾತನ್ನು ಒಟ್ಟಿಗೆ ನೆನಪಿಟ್ಟುಕೊಳ್ಳಿ.

ಸರ್ಕಾರಿ ಕಾಲೇಜಿನಲ್ಲಿ ಫೀಸೇ ಕಮ್ಮಿ. ಆದರೂ ಯಾಕೆ ಬಿಡುತ್ತಾರೆ?

ಫೀಸಿಗಾಗಿ ಬಿಡುವವರು ಕಮ್ಮಿ. ದಿನದ ಖರ್ಚಿಗೆ, ಬಿಟ್ಟ ಕೂಲಿಗೆ ಬಿಡುವವರೇ ಜಾಸ್ತಿ.

ಒಂದು ಲೆಕ್ಕ ಹಾಕೋಣ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಗಾರೆ ಕೆಲಸ, ಅಡಿಕೆ ಕೊಯ್ಲು, ಊರ ಹೊರಗಿನ ಗಾರ್ಮೆಂಟ್ಸ್ ಎಲ್ಲದರ ಕೂಲಿ ಬೇರೆ ಬೇರೆ. ಸದ್ಯಕ್ಕೆ 370ನ್ನೇ ಹಿಡಿಯಿರಿ. ತಿಂಗಳಿಗೆ 20 ದಿನ ದುಡಿದರೆ 7,400 ರೂಪಾಯಿ. ಹತ್ತೊಂಬತ್ತರ ಹುಡುಗ ತರಗತಿಯಲ್ಲಿ ಕೂತಿದ್ದಾನೆ ಅಂದರೆ ಅವನ ಮನೆಯವರು ತಿಂಗಳಿಗೆ ಇಷ್ಟನ್ನು ಬಿಟ್ಟುಕೊಟ್ಟಿದ್ದಾರೆ ಅಂತ ಅರ್ಥ. ಕಾಲೇಜಿನ ರಸೀದಿಯಲ್ಲಿ ಈ ಖರ್ಚು ಕಾಣುವುದಿಲ್ಲ.

ಈಗ ಇನ್ನೊಂದು ಕಡೆ ನೋಡಿ. ರೈತ ವಿದ್ಯಾನಿಧಿ 2021ರಲ್ಲಿ ಶುರುವಾದಾಗ ಬಿಎ, ಬಿಎಸ್ಸಿ, ಬಿಕಾಂ ಓದುವ ರೈತರ ಮಕ್ಕಳಿಗೆ ವರ್ಷಕ್ಕೆ ಗೊತ್ತು ಮಾಡಿದ್ದು ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ. ಹದಿನೈದು ದಿನದ ಕೂಲಿಗೂ ಸಮ ಇಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಅನ್ನುತ್ತಾರಲ್ಲ, ಹಾಗೆ. ಬೇಡ ಅಂತ ಹೇಳುತ್ತಿಲ್ಲ, ಸರಿಯಾದ ವೇಳೆಗೆ ಬಂದರೆ ಅದು ಎರಡು ಸೆಮಿಸ್ಟರ್‌ನ ಎಕ್ಸಾಮ್ ಫೀ, ಪುಸ್ತಕ, ಒಂದಿಷ್ಟು ಜೆರಾಕ್ಸ್‌ಗೆ ಆಗುತ್ತದೆ. ಆದರೆ ಕೂಲಿಗೆ ಹೋಗಬೇಕಾದ ಹುಡುಗನನ್ನು ಕಾಲೇಜಿನಲ್ಲಿ ಹಿಡಿದು ನಿಲ್ಲಿಸುವಷ್ಟು ಶಕ್ತಿ ಅದಕ್ಕಿಲ್ಲ.

ಎಷ್ಟು ಜನ ಅರ್ಧಕ್ಕೆ ಬಿಡುತ್ತಾರೆ ಅನ್ನುವ ಲೆಕ್ಕ ಎಲ್ಲಿ ಸಿಗುತ್ತದೆ?

ಪೇಪರಿನಲ್ಲಿ ಬರುವುದು ಸೇರಿದವರ ಲೆಕ್ಕ. ಕೇಂದ್ರದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2021-22ರಲ್ಲಿ ಕರ್ನಾಟಕದ ಒಟ್ಟು ದಾಖಲಾತಿ ಪ್ರಮಾಣ ಶೇ. 36.2, ದೇಶದ್ದು ಶೇ. 28.4. ಇದು 18ರಿಂದ 23 ವರ್ಷದವರ ಸಂಖ್ಯೆಗೆ ಹೋಲಿಸಿ ಎಷ್ಟು ಜನ ಕಾಲೇಜಿಗೆ ಹೆಸರು ಹಚ್ಚಿದ್ದಾರೆ ಅನ್ನುವುದು, ಅಷ್ಟೇ. ಹೆಸರು ಹಚ್ಚಿದವರಲ್ಲಿ ಮೂರು ವರ್ಷದ ಮೇಲೆ ಯಾರು ಉಳಿದರು ಅಂತ ಅದು ಹೇಳುವುದಿಲ್ಲ.

ನಿಮ್ಮ ಕಾಲೇಜಿನದು ತಿಳಿಯಬೇಕಾದರೆ ದಾರಿ ಸುಲಭ. ಮೂರು ವರ್ಷದ ಹಿಂದಿನ ಅಡ್ಮಿಷನ್ ರಿಜಿಸ್ಟರ್ ತೆಗೆಯಿರಿ. ಪಕ್ಕದಲ್ಲಿ ಈ ವರ್ಷ ಆರನೇ ಸೆಮಿಸ್ಟರ್ ಪರೀಕ್ಷೆ ಕಟ್ಟಿದವರ ಪಟ್ಟಿ ಇಡಿ. ಇದಕ್ಕೆ ಸಾಫ್ಟ್‌ವೇರ್ ಬೇಡ, ಒಂದು ಮಧ್ಯಾಹ್ನ ಸಾಕು. ಟಿಸಿ ತೆಗೆದುಕೊಂಡು ಬೇರೆ ಕಾಲೇಜಿಗೆ ಹೋದವರನ್ನು ಕಳೆದ ಮೇಲೆ ಉಳಿಯುವ ಹೆಸರುಗಳ ಮುಂದೆ ‘ಅವನು ಏನಾದ’ ಅಂತ ಬರೆಯಲು ನೋಡಿ. ಅರ್ಧ ಹೆಸರುಗಳ ಮುಂದೆ ಏನು ಬರೆಯಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಡಿಸ್ಕಂಟಿನ್ಯೂ ಅಂತ ಅರ್ಜಿ ಕೊಟ್ಟು ಯಾರೂ ಹೋಗುವುದಿಲ್ಲ. ಬರುವುದನ್ನು ನಿಲ್ಲಿಸುತ್ತಾರೆ.

ಸ್ಕಾಲರ್‌ಶಿಪ್ ತಡವಾದರೂ ಬಂತಲ್ಲ. ಅದರಿಂದೇನು ತೊಂದರೆ?

ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ ಇದು.

ಕಾಲೇಜಿಗೆ ಅದರದೇ ಕ್ಯಾಲೆಂಡರ್ ಇದೆ. ಅಡ್ಮಿಷನ್ ದಿನ, ಬಸ್ ಪಾಸ್ ಮಾಡಿಸುವ ದಿನ, ರೂಮಿಗೆ ಅಡ್ವಾನ್ಸ್ ಕೊಡುವ ದಿನ, ಎಕ್ಸಾಮ್ ಫೀ ಕಟ್ಟುವ ದಿನ. ಈ ದಿನಗಳು ಸ್ಕಾಲರ್‌ಶಿಪ್‌ಗೆ ಕಾಯುವುದಿಲ್ಲ. ಎಕ್ಸಾಮ್ ಫೀ ನೋಟಿಸನ್ನೇ ನೋಡಿ. ದಂಡವಿಲ್ಲದೆ ಇಂಥ ದಿನದವರೆಗೆ, ದಂಡದೊಂದಿಗೆ ಇಂಥ ದಿನದವರೆಗೆ ಅಂತ ಎರಡು ಸಾಲು ಇರುತ್ತದೆ. ದುಡ್ಡು ಇದ್ದವರು ಮೊದಲ ಸಾಲಿನಲ್ಲಿ ಮುಗಿಸುತ್ತಾರೆ. ಇಲ್ಲದವರು ಎರಡನೇ ಸಾಲಿಗೆ ಬರುತ್ತಾರೆ, ಅಲ್ಲಿ ಮೊತ್ತ ಜಾಸ್ತಿ. ಅಷ್ಟರಲ್ಲೂ ಹೊಂದದಿದ್ದರೆ ಆ ಸೆಮಿಸ್ಟರ್ ಪೂರ್ತಿ ಬ್ಯಾಕ್‌ಲಾಗ್. ಮುಂದಿನ ಸಲ ಎರಡು ಸೆಮಿಸ್ಟರ್‌ನ ಫೀಸು ಒಟ್ಟಿಗೆ. ಅಲ್ಲಿಗೆ ಬಹಳ ಮಕ್ಕಳು ಕೈ ಚೆಲ್ಲುತ್ತಾರೆ.

ಹುಡುಗ ಬಿಟ್ಟುಹೋದ ಮೇಲೆ ಖಾತೆಗೆ ದುಡ್ಡು ಬಿದ್ದರೆ ಅದು ಮನೆಗೆ ಸಹಾಯ, ಓದಿಗಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ತಡ ಎಲ್ಲಿ ಆಗುತ್ತದೆ? ಪರಿಶಿಷ್ಟ ಜಾತಿಯ ಮಕ್ಕಳ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ತೆಗೆದುಕೊಳ್ಳಿ. ಇದು 1944ರಿಂದ ಇರುವ ಯೋಜನೆ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಐದು ವರ್ಷಕ್ಕೆ 59,048 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿ, ಖರ್ಚನ್ನು ಕೇಂದ್ರ 60, ರಾಜ್ಯ 40 ಅಂತ ಹಂಚಿತು. ಕೇಂದ್ರದ ಪಾಲು ನೇರ ವಿದ್ಯಾರ್ಥಿಯ ಖಾತೆಗೆ ಬರುತ್ತದೆ, ಆದರೆ ರಾಜ್ಯ ತನ್ನ ಪಾಲು ಹಾಕಿದ ಮೇಲೆ. ರಾಜ್ಯ ಹಾಕಬೇಕಾದರೆ ಜಾತಿ, ಆದಾಯ, ದಾಖಲಾತಿ, ಹಾಜರಿ ಎಲ್ಲ ಪರಿಶೀಲನೆ ಆಗಿರಬೇಕು. ಅದಾಗಬೇಕಾದರೆ ಕಾಲೇಜು ತನ್ನ ಲಾಗಿನ್‌ನಲ್ಲಿ ಒಪ್ಪಿಗೆ ಕೊಟ್ಟಿರಬೇಕು. ಇಷ್ಟು ಕೈಗಳಲ್ಲಿ ಒಂದು ಕೈ ನಿಂತರೂ ಹಿಂದಿರುವ ಎಲ್ಲರೂ ನಿಂತ ಹಾಗೆ.

ಮೊತ್ತ ಹೆಚ್ಚಿಸಿ ಅಂತ ಹೋರಾಡುವವರು ಬಹಳ. ಸೆಮಿಸ್ಟರ್ ಶುರುವಾಗುವ ತಿಂಗಳಲ್ಲೇ ಹಾಕಿ ಅಂತ ಕೇಳುವವರು ಕಮ್ಮಿ. ನನಗೆ ಎರಡನೆಯದೇ ಮೊದಲು ಆಗಬೇಕು ಅನ್ನಿಸುತ್ತದೆ. ಬರುವ ದಿನ ಗೊತ್ತಿದ್ದರೆ ಸಣ್ಣ ಮೊತ್ತದ ಮೇಲೂ ಮನೆಯವರು ಕೈಗಡ ತಂದು ಫೀಸು ಕಟ್ಟುತ್ತಾರೆ. ದಿನ ಗೊತ್ತಿಲ್ಲದ ದುಡ್ಡನ್ನು ನಂಬಿ ಯಾರು ಸಾಲ ಕೊಡುತ್ತಾರೆ?

ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೇನೆ. ಮಂಜೂರಾಗಿದೆ ಅಂತ ತೋರಿಸುತ್ತಿದೆ. ದುಡ್ಡು ಬಂದಿಲ್ಲ.

ಮೊದಲು ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಸೀಡ್ ಆಗಿದೆ, ಅಂದರೆ ಸರ್ಕಾರದ ದುಡ್ಡು ಬರಲು ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅಂತ ನೋಡಿ. ದುಡ್ಡು ಹೋಗುವುದು ಅರ್ಜಿಯ ಜೊತೆ ಕೊಟ್ಟ ಪಾಸ್‌ಬುಕ್‌ನ ಖಾತೆಗೆ ಅಲ್ಲ. ಬ್ಯಾಂಕುಗಳ ನಡುವೆ ಹಣ ಸಾಗಿಸುವ ಸಂಸ್ಥೆ ಎನ್‌ಪಿಸಿಐಯ ಪಟ್ಟಿಯಲ್ಲಿ ನಿಮ್ಮ ಆಧಾರ್ ಎದುರು ಕೊನೆಗೆ ಯಾವ ಬ್ಯಾಂಕ್ ಇದೆಯೋ ಅಲ್ಲಿಗೆ.

ನಡೆಯುವುದು ಹೀಗೆ. ಹುಡುಗಿ ಪಾಸ್‌ಬುಕ್ ತಂದು ಮೇಜಿನ ಮೇಲೆ ಇಡುತ್ತಾಳೆ. ಎಂಟ್ರಿ ಹಾಕಿಸಿದ್ದಾಳೆ, ಏನೂ ಬಂದಿಲ್ಲ. ‘ಸರ್, ನನ್ನ ಫ್ರೆಂಡಿಗೆ ಬಂದಿದೆ’ ಅನ್ನುತ್ತಾಳೆ. ಸೀಡಿಂಗ್ ಸ್ಥಿತಿ ತೆಗೆದು ನೋಡಿದರೆ ಅವಳು ಹೆಸರೇ ಕೇಳದ ಇನ್ನೊಂದು ಬ್ಯಾಂಕ್ ಇರುತ್ತದೆ. ಎರಡು ವರ್ಷದ ಹಿಂದೆ ಸಂತೆಯಲ್ಲಿ ಸಿಮ್ ತೆಗೆದುಕೊಂಡಾಗ ಬೆರಳು ಒತ್ತಿಸಿಕೊಂಡವರು ಮೊಬೈಲ್ ಖಾತೆಯನ್ನೂ ತೆರೆದಿದ್ದಾರೆ. ದುಡ್ಡು ಅಲ್ಲಿ ಕೂತಿದೆ. ಕೆಲವು ಸಲ ಆ ಸಿಮ್ಮೇ ಈಗ ಇಲ್ಲ.

ಮಾಡಬೇಕಾದ್ದು ಇಷ್ಟು. ನಿಮ್ಮ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ಕೊಡಿ. ‘ಲಿಂಕ್ ಆಗಿದೆ’ ಅನ್ನುವ ಉತ್ತರಕ್ಕೆ ವಾಪಸ್ ಬರಬೇಡಿ. ಖಾತೆಗೆ ಆಧಾರ್ ಲಿಂಕ್ ಇರುವುದು ಬೇರೆ, ಎನ್‌ಪಿಸಿಐ ಪಟ್ಟಿಯಲ್ಲಿ ಇರುವುದು ಬೇರೆ. ಬಹಳ ದಿನದಿಂದ ವ್ಯವಹಾರ ಇಲ್ಲದ ಖಾತೆಯಾದರೆ ಅದು ಚಾಲ್ತಿಯಲ್ಲಿದೆಯೋ ಕೇಳಿ.

ಹಣ ತಡೆಯುವ ಇನ್ನೂ ಎರಡು ಕಾರಣ: ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು, ನಾಡಕಚೇರಿಯ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿರುವುದು. ಆ ಪತ್ರದ ಮೇಲಿರುವ ಆರ್‌ಡಿ ನಂಬರನ್ನು ಅರ್ಜಿಯಲ್ಲಿ ಹಾಕುವ ಮುಂಚೆ ಪತ್ರದ ಕೆಳಗಿನ ದಿನಾಂಕ ಓದಿ. ಪಿಯುಸಿಯಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿದುಹೋಗಬಹುದು.

ವಿದ್ಯಾಸಿರಿ ಸಿಗುವುದು ಒಳ್ಳೆಯದೋ, ಹಾಸ್ಟೆಲ್ ಸಿಗುವುದು ಒಳ್ಳೆಯದೋ?

ಸಿಕ್ಕರೆ ಹಾಸ್ಟೆಲ್. ವಿದ್ಯಾಸಿರಿ ಹುಟ್ಟಿದ್ದೇ ಹಾಸ್ಟೆಲ್ ಸೀಟು ಸಿಗದವರಿಗಾಗಿ. 2013-14ರಲ್ಲಿ ಶುರುವಾದಾಗ ಊಟ ವಸತಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಅಂತ ಇತ್ತು. ಈಗಿನ ಕಾಲದಲ್ಲಿ ಅಷ್ಟರಲ್ಲಿ ರೂಮೂ ಊಟವೂ ಎರಡೂ ಆಗುವ ಊರು ಹುಡುಕಬೇಕು.

ಹಾಸ್ಟೆಲ್‌ನಲ್ಲಿ ದುಡ್ಡು ತಡವಾದರೂ ರಾತ್ರಿ ಊಟ ತಡವಾಗುವುದಿಲ್ಲ. ಅದೇ ದೊಡ್ಡ ವ್ಯತ್ಯಾಸ. ನಮ್ಮ ಕಡೆ ಇದು ಹಳೆಯ ತಿಳಿವಳಿಕೆ. ವಾರಾನ್ನ ಮಾಡಿ, ಸೋಮವಾರ ಒಂದು ಮನೆ ಮಂಗಳವಾರ ಇನ್ನೊಂದು ಮನೆ ಅಂತ ಉಂಡು ಓದಿದವರ ಕಥೆ ಹಳೇ ಮೈಸೂರಿನಲ್ಲೂ ಧಾರವಾಡದಲ್ಲೂ ಬೇಕಾದಷ್ಟಿವೆ. ಎಲ್ಲ ಜಾತಿಯವರಿಗೂ ಆ ಮನೆಗಳ ಬಾಗಿಲು ತೆರೆದಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಬಡ ಮಕ್ಕಳಿಗಾಗಿ ಮೈಸೂರಿನಲ್ಲಿ ತಾತಯ್ಯ ಅಂತಲೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಅನಾಥಾಲಯ ಕಟ್ಟಿದರು. ಧಾರವಾಡದ ಮುರುಘಾಮಠದಲ್ಲಿ ಪ್ರಸಾದ ನಿಲಯ ನಡೆಯಿತು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳಿಗೆ ಊಟ, ವಸತಿ, ಓದು ಎಲ್ಲ ಉಚಿತ. ಇವರೆಲ್ಲ ಮಕ್ಕಳ ಕೈಗೆ ಕಾಸು ಕೊಡುವುದಕ್ಕಿಂತ ಮೊದಲು ಎಲೆ ಹಾಕಿದರು.

ಹಾಸ್ಟೆಲ್‌ನ ಇನ್ನೊಂದು ಲಾಭ ಎಲ್ಲೂ ಬರೆದಿರುವುದಿಲ್ಲ. ಅಲ್ಲಿ ಸೀನಿಯರ್ಸ್ ಇರುತ್ತಾರೆ. ಫಾರಂ ಕೊನೆ ದಿನ, ಹಳೇ ಪ್ರಶ್ನೆಪತ್ರಿಕೆ, ಯಾವ ಮೇಷ್ಟ್ರ ಹತ್ತಿರ ಹೇಗೆ ಮಾತಾಡಬೇಕು, ಎಲ್ಲ ಅವರಿಂದಲೇ ತಿಳಿಯುತ್ತದೆ. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಇದನ್ನೆಲ್ಲ ಹೇಳುವವರು ಬೇರೆ ಯಾರಿದ್ದಾರೆ?

ಶಕ್ತಿ ಯೋಜನೆಯಿಂದ ಹುಡುಗಿಯರಿಗೆ ಅನುಕೂಲ ಆಯಿತಾ?

2023ರ ಜೂನ್ 11ರಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಟಿಕೆಟ್‌ಗೆ ದುಡ್ಡಿಲ್ಲ. ಅರ್ಜಿ ಇಲ್ಲ, ಮಂಜೂರಾತಿ ಇಲ್ಲ, ಕಾಯುವುದಿಲ್ಲ. ಮೇಲೆ ಹೇಳಿದ ತಡದ ಕಾಯಿಲೆ ಇಲ್ಲಿ ಇಲ್ಲವೇ ಇಲ್ಲ. ಸಹಾಯ ಹೀಗಿರಬೇಕು. ಆದರೆ ಊರಿಗೆ ಬಸ್ಸೇ ಬಾರದಿದ್ದರೆ, ಅಥವಾ ಬೆಳಗಿನ ಒಂದೇ ಬಸ್ಸು ತುಂಬಿ ನಿಲ್ಲಿಸದೆ ಹೋದರೆ, ಫ್ರೀ ಟಿಕೆಟ್‌ನಿಂದ ಅಟೆಂಡೆನ್ಸ್ ಬರುವುದಿಲ್ಲ.

ಇಷ್ಟು ಮಾರ್ಕ್ಸ್, ಇಷ್ಟು ಅಟೆಂಡೆನ್ಸ್ ಅಂತ ಷರತ್ತು ಹಾಕುವುದು ಸರಿಯಾ?

ಕೇಂದ್ರದ ಪಿಎಂ-ಯುಎಸ್‌ಪಿ ಸ್ಕಾಲರ್‌ಶಿಪ್‌ನಲ್ಲಿ ಡಿಗ್ರಿಗೆ ವರ್ಷಕ್ಕೆ 12,000 ರೂಪಾಯಿ. ಮುಂದಿನ ವರ್ಷ ನವೀಕರಿಸಲು ಶೇ. 50 ಅಂಕ, ಶೇ. 75 ಹಾಜರಿ ಬೇಕು. ಇಷ್ಟು ಕೇಳುವುದು ಅತಿಯಲ್ಲ.

ಷರತ್ತು ಕೆಲಸ ಮಾಡುತ್ತದೆ ಅನ್ನುವುದಕ್ಕೂ ಆಧಾರ ಇದೆ. ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಪ್ರಾಮಿಸ್ ಅನ್ನುವ ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ವರ್ಷಕ್ಕೆ 30 ಕ್ರೆಡಿಟ್ ಮುಗಿಸಲೇಬೇಕಿತ್ತು. ಅಲ್ಲಿನ ಮಕ್ಕಳು ಸರಿಯಾಗಿ ಅಷ್ಟಕ್ಕೇ ಗುರಿಯಿಟ್ಟರು, ವೇಳೆಗೆ ಡಿಗ್ರಿ ಮುಗಿಸಿದವರೂ ಹೆಚ್ಚಾದರು.

ನನ್ನ ತಕರಾರು ಒಂದೇ. ಷರತ್ತು ಮಕ್ಕಳಿಗೆ ಮಾತ್ರ ಯಾಕೆ? ಜುಲೈನಲ್ಲಿ ಬರಬೇಕಾದ ದುಡ್ಡು ಬಾರದೆ ಹುಡುಗ ಬೇಕರಿಯಲ್ಲಿ ದುಡಿದು, ಅಟೆಂಡೆನ್ಸ್ ಶಾರ್ಟೇಜ್ ಆಗಿ, ಅದೇ ಕಾರಣಕ್ಕೆ ಮುಂದಿನ ವರ್ಷದ ಸ್ಕಾಲರ್‌ಶಿಪ್ ಕಳೆದುಕೊಳ್ಳುತ್ತಾನೆ. ಅವನ ಅಟೆಂಡೆನ್ಸ್ ಲೆಕ್ಕ ಹಾಕುವವರು ದುಡ್ಡು ಬಂದ ದಿನವನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ.

ದುಡ್ಡೊಂದಿದ್ದರೆ ಸಾಕಾ?

ಸಾಲದು. ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯದ್ದು. ಅಲ್ಲಿನ ಎರಡು ವರ್ಷದ ಕಾಲೇಜುಗಳಲ್ಲಿ 2007ರಲ್ಲಿ ‘ಅಸಾಪ್’ ಅಂತ ಕಾರ್ಯಕ್ರಮ ಶುರುವಾಯಿತು. ಫೀಸಿನಲ್ಲಿ ಉಳಿದ ಬಾಕಿ ಮನ್ನಾ. ಪುಸ್ತಕಕ್ಕೆ ನೆರವು. ಸುರಂಗ ರೈಲು, ಬಸ್ಸಿಗೆ ಪಾಸು. ಇದೆಲ್ಲದರ ಜೊತೆಗೆ, ಒಬ್ಬ ಸಲಹೆಗಾರರನ್ನು ಆಗಾಗ ಕಂಡು ಮಾತಾಡಲೇಬೇಕು, ಪೂರ್ಣಾವಧಿ ವಿದ್ಯಾರ್ಥಿಯಾಗಿಯೇ ಓದಬೇಕು. ಇಲ್ಲೂ ಲಾಟರಿಯ ಥರ ಎರಡು ಗುಂಪು ಮಾಡಿ ನೋಡಿದರು. ಮೂರು ವರ್ಷದೊಳಗೆ ಮುಗಿಸಿದವರು ಕಾರ್ಯಕ್ರಮದಲ್ಲಿದ್ದವರಲ್ಲಿ ಶೇ. 40, ಇಲ್ಲದವರಲ್ಲಿ ಶೇ. 22. ಇದೇ ಮಾದರಿಯನ್ನು ಒಹಾಯೋದಲ್ಲಿ ಮಾಡಿದಾಗಲೂ ಹೆಚ್ಚುಕಮ್ಮಿ ಅಷ್ಟೇ ಅಂತರ ಬಂತು.

ವಿಸ್ಕಾನ್ಸಿನ್‌ನಲ್ಲಿ ಬರೀ ದುಡ್ಡು ಕೊಟ್ಟಾಗ ಮುಗಿಸಿದವರು ನೂರಕ್ಕೆ ಐದು ಜನ ಹೆಚ್ಚಾಗಿದ್ದರು. ಇಲ್ಲಿ ಹದಿನೆಂಟು. ಕೋರ್ಸೂ ಬೇರೆ, ಮಕ್ಕಳೂ ಬೇರೆ, ತಕ್ಕಡಿಯಲ್ಲಿಟ್ಟು ತೂಗುವ ಹಾಗಿಲ್ಲ. ಆದರೂ ದಾರಿ ಯಾವ ಕಡೆ ಅಂತ ಕಾಣುತ್ತದಲ್ಲ.

ಕೊನೆ ವರ್ಷದಲ್ಲಿದ್ದಾರೆ, ಸ್ವಲ್ಪ ಬಾಕಿಗೆ ನಿಂತಿದ್ದಾರೆ. ಕಾಲೇಜು ಏನಾದರೂ ಮಾಡಬಹುದಾ?

ಮಾಡಬಹುದು, ಖರ್ಚೂ ಕಮ್ಮಿ. ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯ 2011ರಿಂದ ಇದನ್ನೇ ಮಾಡುತ್ತಿದೆ. ಸಣ್ಣ ಬಾಕಿಗಾಗಿ ಹೆಸರು ತೆಗೆಯಬೇಕಾದ ಮಕ್ಕಳ ಪಟ್ಟಿ ತೆಗೆದು, ಅದರಲ್ಲಿ ಡಿಗ್ರಿಗೆ ಹತ್ತಿರ ಬಂದವರನ್ನು ಗುರುತಿಸಿ, ಸರಾಸರಿ 900 ಡಾಲರ್ ಆಸುಪಾಸಿನ ನೆರವನ್ನು ವಿಶ್ವವಿದ್ಯಾಲಯವೇ ಕೊಡುತ್ತದೆ. ಹುಡುಗರು ಅರ್ಜಿ ಹಾಕಬೇಕಾಗಿಲ್ಲ.

ನಮ್ಮಲ್ಲೂ ಇದು ಸದ್ದಿಲ್ಲದೆ ನಡೆಯುತ್ತದೆ. ಕೊನೆ ದಿನ ಮೇಷ್ಟ್ರೊಬ್ಬರು ಜೇಬಿನಿಂದ ಎಕ್ಸಾಮ್ ಫೀ ಕಟ್ಟುತ್ತಾರೆ, ‘ಆಮೇಲೆ ಕೊಡು ಮಾರಾಯ’ ಅನ್ನುತ್ತಾರೆ. ಆದರೆ ಇದು ಆ ಮೇಷ್ಟ್ರ ಕಣ್ಣಿಗೆ ಬಿದ್ದವರಿಗೆ ಮಾತ್ರ. ಮಾತಾಡದ ಹುಡುಗಿ, ಹಿಂದಿನ ಬೆಂಚಿನ ಹುಡುಗ ಕಣ್ಣಿಗೆ ಬೀಳುವುದಿಲ್ಲ. ಹಳೆ ವಿದ್ಯಾರ್ಥಿಗಳ ಸಂಘದ ದುಡ್ಡನ್ನು ಪ್ರತಿ ವರ್ಷ ಶಾಲು, ಫಲಕಗಳಿಗೆ ಹಾಕುವ ಬದಲು ಎಕ್ಸಾಮ್ ಫೀ ನಿಧಿ ಅಂತ ತೆಗೆದಿಟ್ಟರೆ, ಬಾಕಿ ಪಟ್ಟಿ ನೋಡಿ ಎಲ್ಲರಿಗೂ ಕೊಡಬಹುದು.

ವಾಟ್ಸಾಪ್ ಗ್ರೂಪಿನಲ್ಲಿ ಕೊನೆ ದಿನಾಂಕ ಹಾಕಿದ್ದೇವೆ. ಇನ್ನೇನು ಮಾಡಬೇಕು?

ಪಕ್ಕದಲ್ಲಿ ಕೂತು ತುಂಬಿಸಬೇಕು. ಅಮೆರಿಕದಲ್ಲಿ ತೆರಿಗೆ ರಿಟರ್ನ್ಸ್ ತುಂಬಿಕೊಡುವ ಎಚ್ ಅಂಡ್ ಆರ್ ಬ್ಲಾಕ್ ಕಚೇರಿಗಳಲ್ಲಿ ಒಂದು ಪ್ರಯೋಗ ಆಯಿತು. ಕೆಲವು ಮನೆಯವರಿಗೆ ಅಲ್ಲೇ ಕೂರಿಸಿ ಕಾಲೇಜು ಸಹಾಯಧನದ ಫಾರಂ ತುಂಬಿಕೊಟ್ಟರು. ಇನ್ನು ಕೆಲವರಿಗೆ ಎಷ್ಟು ಸಿಗುತ್ತದೆ ಅಂತ ಮಾಹಿತಿ ಮಾತ್ರ ಕೊಟ್ಟರು. ಫಾರಂ ತುಂಬಿಸಿಕೊಂಡ ಮನೆಗಳಲ್ಲಿ, ಮುಂದೆ ಕಾಲೇಜಿನಲ್ಲಿ ಎರಡು ವರ್ಷ ಓದಿದ ಮಕ್ಕಳ ಪ್ರಮಾಣ ಶೇ. 28ರಿಂದ 36ಕ್ಕೆ ಏರಿತು. ಬರೀ ಮಾಹಿತಿ ಪಡೆದವರಲ್ಲಿ ಬದಲಾವಣೆ ಕಾಣಲಿಲ್ಲ. ಮೆಸೇಜ್ ಕಳಿಸುವ ಪ್ರಯೋಗವೂ ಅಲ್ಲಿ ನಡೆದಿದೆ. ಸಣ್ಣ ಮಟ್ಟದಲ್ಲಿ ಫಲ ಕೊಟ್ಟಿದ್ದು, 8 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕಳಿಸಿದಾಗ ಏನೂ ಮಾಡಲಿಲ್ಲ.

ನಮ್ಮ ಮಕ್ಕಳು ಈಗ ಸೈಬರ್ ಸೆಂಟರಿನಲ್ಲಿ ದುಡ್ಡು ಕೊಟ್ಟು ತುಂಬಿಸುತ್ತಾರೆ. ಅಲ್ಲಿ ಕೋರ್ಸ್ ತಪ್ಪಾಗಿ ಒತ್ತಿದರೆ ವರ್ಷ ಹೋಯಿತು. ಕಾಲೇಜಿನ ಕಂಪ್ಯೂಟರ್ ಲ್ಯಾಬನ್ನು ಎರಡು ವಾರ ಸಂಜೆ ತೆರೆದಿಟ್ಟರೆ ಆಗುವ ಕೆಲಸ ಇದು. ಎರಡನೇ, ಮೂರನೇ ವರ್ಷದವರನ್ನೂ ಕರೆಯಿರಿ. ಹೋದ ವರ್ಷ ಹಾಕಿದ್ದೇವಲ್ಲ, ತಾನಾಗಿ ಬರುತ್ತದೆ ಅಂತ ಸುಮ್ಮನಿರುವವರು ಬಹಳ.

ಸ್ಕಾಲರ್‌ಶಿಪ್ ಇಲ್ಲದಿದ್ದರೆ ಸಾಲ ಮಾಡಬಹುದಾ?

ಎಂಜಿನಿಯರಿಂಗ್, ನರ್ಸಿಂಗ್ ಥರದ ಕೋರ್ಸಿಗೆ ಯೋಚಿಸಬಹುದು. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನು, ಅಡಮಾನ ಕೇಳುವುದಿಲ್ಲ. 8 ಲಕ್ಷದವರೆಗೆ ಆದಾಯ ಇರುವವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ಸಹಾಯ ಇದೆ. ಆದರೆ ಅದು ಪಟ್ಟಿಯಲ್ಲಿರುವ ಉತ್ತಮ ಶ್ರೇಯಾಂಕದ ಸಂಸ್ಥೆಗಳಿಗೆ ಮಾತ್ರ. ತಾಲೂಕಿನ ಬಿಎ, ಬಿಕಾಂಗೆ ಸಾಲ ಮಾಡಿ ಅಂತ ನಾನು ಹೇಳುವುದಿಲ್ಲ. ಡಿಗ್ರಿ ಮುಗಿಯದೆ ಸಾಲ ಮಾತ್ರ ಉಳಿದರೆ ಅದಕ್ಕಿಂತ ಕಷ್ಟ ಇಲ್ಲ.

ಈಗಾಗಲೇ ಬಿಟ್ಟಿದ್ದೇನೆ. ಮತ್ತೆ ಸೇರಬಹುದಾ?

ಬಹಳ ಸಲ ಸೇರಬಹುದು. ಡಿಗ್ರಿ ಮುಗಿಸಲು ವಿಶ್ವವಿದ್ಯಾಲಯಗಳು ಹೆಚ್ಚಿನ ಅವಧಿ ಕೊಟ್ಟಿರುತ್ತವೆ, ಸಾಮಾನ್ಯವಾಗಿ ಕೋರ್ಸಿನ ಎರಡು ಪಟ್ಟು. ಮೊದಲು ನಿಮ್ಮದು ಯಾವ ಬ್ಯಾಚು ಅಂತ ನೋಡಿ. 2021-22ರಿಂದ 2023-24ರವರೆಗೆ ಸೇರಿದವರು ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದವರು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿ ಪಠ್ಯಕ್ರಮ ಬದಲಾಗಿದೆ. ಹಾಗಾಗಿ ಯಾವ ಪೇಪರ್ ಉಳಿಯುತ್ತದೆ, ಯಾವುದನ್ನು ಮತ್ತೆ ಬರೆಯಬೇಕು ಅಂತ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಕೆಲಸ ಬಿಡಲು ಆಗದಿದ್ದರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ವಿಚಾರಿಸಿ.

ಫೀಸು ಬಾಕಿ ಇದೆ ಅಂತ ಎಸ್ಸೆಸ್ಸೆಲ್ಸಿ, ಪಿಯುಸಿ ಮೂಲ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರಾ? ಮೂಲ ದಾಖಲೆ ಇಟ್ಟುಕೊಳ್ಳುವ ಹಾಗಿಲ್ಲ ಅಂತ ಯುಜಿಸಿ 2018ರ ಅಕ್ಟೋಬರ್‌ನಲ್ಲೇ ಸೂಚನೆ ಹೊರಡಿಸಿದೆ. ಅದರ ಪ್ರಿಂಟ್ ತೆಗೆದುಕೊಂಡು ಪ್ರಾಂಶುಪಾಲರಿಗೆ ಅರ್ಜಿ ಕೊಡಿ. ಅರ್ಜಿಯ ಇನ್ನೊಂದು ಪ್ರತಿಗೆ ಕಚೇರಿಯ ಸೀಲು, ದಿನಾಂಕ ಹಾಕಿಸಿಕೊಂಡು ಬನ್ನಿ.